ಸೆರಗಿನ ಕೊಂಡಿ

"ನೀವು ನೇಕಾರರಾ?"

ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತಿದ್ದ ಸಿನಿಮಾ ನಟಿ ಮಾಯಾ ಕೇಳಿದಳು. ಶಿವಗಂಗಾ ಮೈಕಿನ ಹತ್ತಿರ ಬಾಗಿ, "ಅಲ್ಲರಿ" ಅಂದಳು.

ಆಟ ನಡೆಸುತ್ತಿದ್ದ ಅನಿಲಕುಮಾರನ ನಗು ಅರ್ಧಕ್ಕೇ ನಿಂತಿತು. ಕ್ಯಾಮೆರಾದವರತ್ತ ಕೈಯೆತ್ತಿ ನಿಲ್ಲಿಸಲು ಹೇಳಿದ.

ಅಮೆರಿಕದ ಹಳೇ ಟಿವಿ ಆಟವೊಂದನ್ನು ನೋಡಿ ಮಾಡಿದ ಕಾರ್ಯಕ್ರಮವಂತೆ ಅದು. ಕಣ್ಣು ಕಟ್ಟಿಕೊಂಡ ಮೂವರು ಹೆಸರುವಾಸಿಗಳು ಪ್ರಶ್ನೆ ಕೇಳಿ ಕೇಳಿ, ಎದುರಿಗೆ ಬಂದವರು ಏನು ಕೆಲಸ ಮಾಡುತ್ತಾರೆಂದು ಹೇಳಬೇಕು. ಬಂದವರು ಆಡಬೇಕಾದ್ದು ಹೌದು, ಅಲ್ಲ, ಎರಡೇ ಮಾತು. ಎರಡೇ ಮಾತು ಎಂದಿದ್ದಕ್ಕೇ ಶಿವಗಂಗಾ ಧೈರ್ಯ ಮಾಡಿ ಇಳಕಲ್ಲಿನಿಂದ ಬಾಗಲಕೋಟೆಯ ಬಸ್ಸು ಹತ್ತಿದ್ದು. ಏಳನೇ ಇಯತ್ತೆಯಲ್ಲಿ ಎದ್ದು ನಿಂತು ಉತ್ತರ ಹೇಳಲಾಗದೆ ಸಾಲೆ ಬಿಟ್ಟವಳು ಅವಳು.

ಅನಿಲಕುಮಾರ ಅವಳ ಪಕ್ಕ ಬಂದು ದನಿ ತಗ್ಗಿಸಿದ. "ತಂಗಿ, ಚೀಟಿಯಾಗ 'ಸೀರಿ ನೇಕಾರರು' ಅಂತ ಬರದೈತಿ. ಅವರು ಬರೋಬ್ಬರಿ ಕೇಳ್ಯಾರ. ಹೌದು ಅನ್ನು, ಸಾಕು. ಇನ್ನೊಮ್ಮಿ ತಗೊಳ್ಳೋಣು."

ಅವಳು ಮುಂದಿನ ಸಾಲಿನ ಕಡೆ ನೋಡಿದಳು. ಅಲ್ಲಿ ಸೋದರತ್ತೆ ಹನಮವ್ವ ಕೂತಿದ್ದಳು. ಸೀರೆಯ ಒಡಲಿನ ಉದ್ದೆಳೆಗಳಿಗೆ ಸೆರಗಿನ ಉದ್ದೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದನ್ನು ಶಿವಗಂಗಾಳಿಗೆ ಕಲಿಸಿದವಳು ಅವಳೇ. ಅದು ಆದ ಮೇಲೇ ಮಗ್ಗದ ಮೇಲೆ ಸೆರಗು ಏಳುವುದು. ಆದರೂ ಪ್ರದರ್ಶನಗಳಲ್ಲಿ ಫೋಟೋ ತೂಗುವುದು ನೇಯ್ದವರದು. ಕೂಡಿಸಿದವರು ಯಾರೆಂದು ಯಾರೂ ಕೇಳಿದ್ದಿಲ್ಲ. ನಲವತ್ತು ವರ್ಷ ಎಳೆ ನೋಡಿ ನೋಡಿ ಹನಮವ್ವನ ಕಣ್ಣು ಮಂಜಾಗಿ, ಈಗ ಎದುರಿಗಿದ್ದವರ ಮುಖವೂ ಕಾಣದು. ಬಸ್ಸಿನಲ್ಲಿ ಹೇಳಿದ್ದಳು: "ನನ್ನ ಕೆಲಸದ ಹೆಸರ ಒಮ್ಮಿ ಮೈಕಿನ್ಯಾಗ ಕೇಳಬೇಕ ನೋಡವಾ. ಕಣ್ಣಂತೂ ಹೋದುವು, ಕಿವಿ ಅದಾವಲ್ಲ."

ಕ್ಯಾಮೆರಾದ ಕೆಂಪು ದೀಪ ಮತ್ತೆ ಹತ್ತಿತು. ಮಾಯಾ ಮೊದಲ ಸಲ ಕೇಳುವವಳಂತೆಯೇ ಕತ್ತು ಕೊಂಕಿಸಿ ಕೇಳಿದಳು. "ನೀವು ನೇಕಾರರಾ?"

ಶಿವಗಂಗಾ ಮೈಕನ್ನು ಹತ್ತಿರ ಎಳೆದುಕೊಂಡಳು. ಅನಿಲಕುಮಾರ ಹುಬ್ಬು ಹಾರಿಸಿ, ಹೌದು ಅನ್ನು ಎಂದು ಸನ್ನೆ ಮಾಡಿದ.

"ಅಲ್ಲರಿ," ಅಂದಳು. ಅಲ್ಲಿಗೇ ನಿಲ್ಲಲಿಲ್ಲ. "ಮಗ್ಗ ಶಂಕ್ರಪ್ಪ ಕಾಕಾರದು, ನೇಯೋರು ಅವರು. ನಾ ಕೊಂಡಿ ಹಾಕಾಕಿ. ಒಡಲಿಗೆ ಸೆರಗ ಕೂಡಸಾಕಿ. ನಮ್ಮತ್ತಿ ಹನಮವ್ವ ನಲವತ್ತ ವರ್ಷ ಇದನ್ನ ಮಾಡ್ಯಾಳ."

ಮಾಯಾಳ ಪಕ್ಕದಲ್ಲಿದ್ದ ನಾಟಕದ ಹಿರಿಯ ನಟ ಕಲ್ಲೇಶ ತೊಡೆ ತಟ್ಟಿ ಕೂಗಿದ. "ಯವ್ವಾ, ಉತ್ತರಾನ ಹೇಳಿಬಿಟ್ಟೆಲ್ಲ! ಇನ್ನ ನಾ ಯಾವ ಸುಖಕ್ಕ ಕಣ್ಣ ಕಟ್ಕೊಂಡ ಕುಂತೇನಿ?"

ಜನ ಹೋ ಎಂದು ನಕ್ಕರು. ಅನಿಲಕುಮಾರ ಹಣೆ ಹಿಡಿದುಕೊಂಡ. ಮಾಯಾ ನಗಲಿಲ್ಲ, ಪಟ್ಟಿಯನ್ನೂ ಬಿಚ್ಚಲಿಲ್ಲ. ತಾನು ಉಟ್ಟಿದ್ದ ಸೀರೆಯ ಕೆಂಪು ಸೆರಗನ್ನು ತೊಡೆಯ ಮೇಲೆ ಹರವಿಕೊಂಡಳು.

"ಇದೂ ಇಳಕಲ್ ಸೀರೆನೇ. ಇದರಲ್ಲೂ ಇದ್ಯಾ ಕೊಂಡಿ?"

"ಐತ್ರಿ."

ಮಾಯಾಳ ಬೆರಳುಗಳು ಸೆರಗಿನ ತುದಿಯಿಂದ ಒಡಲಿನವರೆಗೆ ಹೋದವು, ತಿರುಗಿ ಬಂದವು, ಮತ್ತೆ ಹೋದವು. "ಎಲ್ಲಿ? ಸಿಗ್ತಾನೇ ಇಲ್ವಲ್ಲಾ," ಅಂದಳು.

ಕೆಳಗೆ, ಮುಂದಿನ ಸಾಲಿನಲ್ಲಿ, ಹನಮವ್ವ ಎತ್ತಲೋ ಮುಖ ಮಾಡಿ ಕೂತಿದ್ದಳು. ಅವಳ ಬೆರಳುಗಳೂ ತನ್ನ ಹಳೇ ಸೀರೆಯ ಸೆರಗಿನ ಮೇಲೆ ನಿಧಾನ ನಡೆಯುತ್ತಿದ್ದವು. ಒಡಲಿಗೆ ಸೆರಗು ಕೂಡುವ ಕಡೆ ಬಂದು ನಿಂತವು. ಅಲ್ಲೇ ಇದ್ದವು.