ಬೇಲಿ ಬದಿಯ ಮಣ್ಣು

ನಮ್ಮ ಭಾವನಿಗೆ ಯಾರನ್ನೂ ಸರಿಯಾದ ಹೆಸರಿನಿಂದ ಕರೆದು ಗೊತ್ತಿಲ್ಲ. ಹಾಲು ಹಾಕುವವನು ಅವರ ಬಾಯಲ್ಲಿ ‘ನೀರಣ್ಣ’, ಎದುರುಮನೆಯ ಮೇಷ್ಟ್ರು ‘ಲಾಂಗ್ ಬೆಲ್’, ಬಟ್ಟೆ ಹೊಲಿಯುವ ನಾನು ‘ಸೂಜಿ’. ಜೀವಮಾನವೆಲ್ಲ ಲಾರಿ ಓಡಿಸಿ, ಮಾತಿಗೆ ಜನವಿಲ್ಲದೆ ರಸ್ತೆ ಸವೆಸಿದ ಮನುಷ್ಯ. ಈಗ ಮನೆಯಲ್ಲಿ ಕೂತು ಅದನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಾರೆ. ಹಾಗಾಗಿ ಗ್ಯಾಸ್ ಪೈಪಿನ ಕಂಪನಿಯಿಂದ ನಕ್ಷೆಯ ಸುರುಳಿ ಹಿಡಿದು ಬಂದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ‘ನಕ್ಷೆಯಮ್ಮ’ ಆಗಿಬಿಟ್ಟಳು.

ಪೈಪು ಬರಬೇಕೋ ಬೇಡವೋ ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಎಲ್ಲಿಂದ ಹೋಗಬೇಕು ಎಂಬುದಷ್ಟೇ ಉಳಿದಿತ್ತು. ಆದಷ್ಟು ಕಡಿಮೆ ಹಾನಿಯಾಗುವ ದಾರಿ ಹುಡುಕುವುದು ಅವಳ ಕೆಲಸ. ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹಾಸಿ, ಅದು ಮತ್ತೆ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಲೋಟ ಇಟ್ಟು ವಿವರಿಸಿದಳು. ಕೆಂಪು ಬಳಿದ ಕಡೆ ಪೈಪು ಹೋಗುವಂತಿಲ್ಲ: ಬಾವಿ, ಶಾಲೆ, ಹಕ್ಕಿಗಳು ಮರಿ ಮಾಡುವ ಜೌಗು, ಸಮಾಧಿ. ಹಸಿರಿದ್ದ ಕಡೆ ಅಡ್ಡಿಯಿಲ್ಲ. ಮೊದಲು ಗೆರೆ ಎಳೆದದ್ದು ಜೌಗಿನ ಮೇಲಂತೆ. ಹಕ್ಕಿಗಳ ದೆಸೆಯಿಂದ ಈಚೆ ಸರಿದು ನಮ್ಮ ಹಣ್ಣಿನ ತೋಟದ ನಟ್ಟನಡುವೆ ಬಂದು ಕೂತಿತ್ತು.

“ಕಾಗದದಲ್ಲಿ ಇಲ್ಲದ್ದು ಜನಕ್ಕೆ ಗೊತ್ತಿರುತ್ತೆ. ಅದಕ್ಕೇ ಮನೆಮನೆಗೂ ಬರ್ತೀನಿ,” ಎಂದಳು. “ನಿಮ್ಮ ಜಾಗದಲ್ಲಿ ಮುಟ್ಟಬಾರದು ಅನ್ನೋಂಥದ್ದು ಏನಾದ್ರೂ ಇದೆಯಾ?”

“ಇಲ್ಲದೆ ಏನು? ನನ್ನ ಮರಗಳು!” ಎಂದರು ಭಾವ. ಅವಳ ಕೈಯಿಂದ ಪೆನ್ಸಿಲ್ ಇಸಕೊಂಡು ತೋಟದ ಹಿಂದೆ ತಾವೇ ಒಂದು ಗೆರೆ ಎಳೆದರು. “ನೋಡಮ್ಮ ನಕ್ಷೆಯಮ್ಮ, ಹೀಗೆ ಬೇಲಿ ಪಕ್ಕದಲ್ಲೇ ತಗೊಂಡು ಹೋಗು. ಅಲ್ಲಿ ಏನೂ ಇಲ್ಲ. ಬರೀ ಕಲ್ಲು, ಮುಳ್ಳು. ನಾಯಿ ಕೂಡ ಆ ಕಡೆ ತಲೆ ಹಾಕಲ್ಲ.”

ಅಕ್ಕ ಚಹಾ ತಂದು ನಿಂತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಲೋಟಗಳನ್ನು ಇಳಿಸಿ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಕೆಳಗೆ ಪಾತ್ರೆ ಇರಲಿಲ್ಲ. ನೀರು ಸುಮ್ಮನೆ ಹರಿಯುತ್ತಿತ್ತು.

ಬೇಲಿ ಪಕ್ಕದಲ್ಲಿ ಏನಿದೆ ಎಂದು ಗೊತ್ತಿರುವವರು ಈಗ ನಾವಿಬ್ಬರೇ, ಅಕ್ಕ ಮತ್ತು ನಾನು.

ಎಷ್ಟೋ ವರ್ಷಗಳ ಹಿಂದಿನ ಮಾತು. ಅಕ್ಕ ಬಸುರಾದ ಹೊಸತರಲ್ಲೇ ಭಾವ ಗಡಿಯಾಚೆಗೆ ಸರಕು ಹೊತ್ತು ಹೋಗಿದ್ದರು, ತಿಂಗಳುಗಟ್ಟಲೆ ಬರುವಂತಿರಲಿಲ್ಲ. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ನೋವು ಬಂತು, ಮಗು ಬಂತು, ಅಳು ಬರಲಿಲ್ಲ. ಹೆಣ್ಣು. ತಲೆ ತುಂಬ ಕೂದಲು, ಭಾವನದೇ ಚಪ್ಪಟೆ ಮೂಗು. ಅಕ್ಕನ ಅತ್ತೆ ಅದನ್ನು ಒಗೆದಿಟ್ಟ ದಿಂಬಿನ ಚೀಲದಲ್ಲಿ ಸುತ್ತಿದರು, ಅಕ್ಕನ ಮನೆಯಲ್ಲಿದ್ದು ಇನ್ನೂ ಶಾಲೆಗೆ ಹೋಗುತ್ತಿದ್ದ ನನ್ನ ಕೈಗೆ ಹಾರೆ ಕೊಟ್ಟು “ನಡಿ” ಎಂದರು. ಬೇಲಿ ಪಕ್ಕದ ದೊಡ್ಡ ಕಲ್ಲಿನ ಬಳಿ ನನ್ನ ಸೊಂಟ ಮುಳುಗುವಷ್ಟು ಅಗೆದೆವು. ಬರುವಾಗ ದಾರಿಯಲ್ಲಿ ಅತ್ತೆ ಹೇಳಿದರು: “ಅವನು ಲಾರಿ ಓಡಿಸೋನು. ಇದನ್ನ ತಲೇಲಿಟ್ಕೊಂಡು ಎಲ್ಲಾದ್ರೂ ಹೋಗಿ ಗುದ್ದಿದ್ರೆ? ಬಸಿರು ನಿಲ್ಲಲಿಲ್ಲ, ಶುರುವಿನಲ್ಲೇ ಹೋಯ್ತು, ಇನ್ನೂ ಏನೂ ಆಗಿರಲಿಲ್ಲ ಅಂತ ಹೇಳೋಣ.”

ಹಾಗೇ ಹೇಳಿದರು, ಭಾವ ನಂಬಿದರು. ಆಮೇಲೆ ಅಕ್ಕನಿಗೆ ಮಕ್ಕಳಾಗಲಿಲ್ಲ. ಭಾವ ಮಾತ್ರ ಬೀದಿಯಲ್ಲಿ ಯಾರ ಮಗು ಕಂಡರೂ ತಲೆ ತಟ್ಟಿ ಒಂದು ಅಡ್ಡಹೆಸರು ಇಡದೆ ಮುಂದೆ ಹೋಗುವವರಲ್ಲ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು, ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಒಳ್ಳೆಯದಕ್ಕೇ ಎಂದು ಒಂದು ಸುಳ್ಳು ಹೇಳಿ, ಅದನ್ನು ಹೊರುವ ಕೆಲಸ ಬೇರೆಯವರ ತಲೆಗೆ ಕಟ್ಟಿ ಹೋದರಲ್ಲ!

ಮಾರನೆಯ ದಿನ ಅಕ್ಕ ನನ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಹೇಳ್ಬಿಡೇ ಭಾವನಿಗೆ,” ಎಂದೆ. “ಕೆಂಪು ಬಳೀತಾರೆ, ಮುಗೀತು.”

“ಏನಂತ ಹೇಳ್ಲಿ? ಏನೂ ಆಗಿರಲಿಲ್ಲ ಅಂದ್ಕೊಂಡು ಇಷ್ಟು ವರ್ಷ ನಗ್ತಾ ಇದ್ದಾರೆ. ಈಗ ನಿಮಗೊಬ್ಬಳು ಮಗಳು ಇದ್ದಳು ಅಂತ ಕೊಟ್ಟು, ಅದೇ ಉಸಿರಲ್ಲಿ ಕಿತ್ಕೊಳ್ಳಲಾ? ಅಗೀರಿ ಅಂತ ಅವರೇ ಕೈಯಾರೆ ತೋರಿಸಿದ ಜಾಗ ಕಣೇ ಅದು.”

ನಕ್ಷೆಯಮ್ಮನನ್ನು ನಾನೇ ಕರೆಸಿದೆ, ಕಿತ್ತುಹೋಗಿದ್ದ ಅವಳ ಕೋಟಿನ ಜೇಬು ಹೊಲಿದುಕೊಡುವ ನೆಪದಲ್ಲಿ. ಬಾಗಿಲು ಅರ್ಧ ಎಳೆದು ಅಕ್ಕ ಎಲ್ಲ ಹೇಳಿದಳು. ನಕ್ಷೆಯಮ್ಮ ಪೆನ್ನು ತೆಗೆದವಳು ಮತ್ತೆ ಮುಚ್ಚಿಟ್ಟಳು.

“ಕೆಂಪು ಮಾಡ್ಬೇಕಾದ್ರೆ ಕಾರಣ ಬರೀಬೇಕು ಅಮ್ಮ. ಬರೆದಿದ್ದನ್ನ ಊರ ಸಭೆಯಲ್ಲಿ ಎಲ್ಲರ ಮುಂದೆ ಓದ್ತಾರೆ. ಯಜಮಾನರ ಸಹಿನೂ ಬೇಕು.”

“ಹಾಗಾದ್ರೆ ಬೇಡ,” ಎಂದಳು ಅಕ್ಕ.

ನನಗೆ ಪಿತ್ತ ನೆತ್ತಿಗೇರಿತು. “ಅಲ್ಲೊಂದು ಹಕ್ಕಿ ಗೂಡಿದೆ ಅಂತ ಬರ್ಕೊಳ್ಳಿ! ಹಕ್ಕಿಗಾದ್ರೆ ಸರಿಸ್ತೀರಲ್ಲ!”

“ಗೂಡು ನೋಡೋಕೆ ಬೇರೆಯವರು ಬರ್ತಾರೆ,” ಎಂದಳು ಮೆಲ್ಲಗೆ. “ಒಂದು ಸುಳ್ಳು ಅಂತ ಗೊತ್ತಾದ್ರೆ ನಿಜವಾದ ಗೂಡುಗಳನ್ನೂ ನಂಬಲ್ಲ.” ಅವಳ ಕಣ್ಣು ಒದ್ದೆಯಾಗಿತ್ತು. ಇನ್ನಷ್ಟು ಬೈಯಬೇಕೆಂದಿದ್ದವಳು ಅವಳ ಕೋಟು ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದೆ.

ಅಕ್ಕ ಕೇಳಿದಳು: “ಅಗೆದ ಮಣ್ಣನ್ನ ಏನ್ ಮಾಡ್ತೀರಾ?”

“ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಗುಡ್ಡೆ ಹಾಕಿಸ್ತೀನಿ. ಬೆರೆಸೋ ಹಾಗಿಲ್ಲ. ಪೈಪ್ ಇಳಿಸಿದ್ಮೇಲೆ ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಎಲ್ಲಿ ತೆಗೆದಿದ್ದೋ ಅಲ್ಲೇ.”

“ಅಲ್ಲೇನಾ?”

“ಅಲ್ಲೇ. ಆ ದಿನ ನಾನೇ ನಿಂತಿರ್ತೀನಿ. ಆದ್ರೆ ಅಮ್ಮ, ಅಷ್ಟು ಪುಟ್ಟದು, ಇಷ್ಟು ವರ್ಷ ಆಗಿದೆ. ಕಣ್ಣಿಗೆ ಕಾಣೋಂಥದ್ದು ಏನೂ ಇರಲ್ಲ. ಮಣ್ಣೇ ಆಗಿರುತ್ತೆ.”

“ಮಣ್ಣಾಗಿದ್ರೂ ನಮ್ಮದೇ ತಾನೆ,” ಎಂದಳು ಅಕ್ಕ.

ಅಗೆಯುವ ದಿನ ನಕ್ಷೆಯಮ್ಮ ಬೆಳಗ್ಗೆಯೇ ಬಂದು ನಿಂತಳು. ದೊಡ್ಡ ಕಲ್ಲನ್ನು ಪಕ್ಕಕ್ಕೆ ಉರುಳಿಸಿದ ಮೇಲೆ ಕೈಯೆತ್ತಿ ಯಂತ್ರವನ್ನು ನಿಧಾನ ಮಾಡಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಮುಚ್ಚಲಿಲ್ಲ.

“ಏನೂ ಕಾಣಲಿಲ್ಲ,” ಎಂದಳು ಆಮೇಲೆ. “ದಿಂಬಿನ ಚೀಲದ ಒಂದು ಎಳೆ ಕೂಡ.” ಕಾಣದಿದ್ದುದಕ್ಕೆ ಅವಳಿಗೆ ಸಮಾಧಾನವೂ ಆಗಿತ್ತು, ಕಾಣಲಿಲ್ಲವಲ್ಲ ಎಂದು ಸಂಕಟವೂ ಆಗಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಪೈಪುಗಳನ್ನು ಬೆಸೆಯುವ ಕೆಲಸ ತಡವಾಯಿತು. ಹಳ್ಳ ತೆರೆದೇ ಇತ್ತು, ಗುಡ್ಡೆಗಳೂ ಇದ್ದವು. ಅಕ್ಕ ಅಡುಗೆ ಮುಗಿಸಿದವಳೇ ಕುರ್ಚಿ ಹೊತ್ತುಕೊಂಡು ಹೋಗಿ ಕೆಳಗಿನ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಕೂರತೊಡಗಿದಳು.

“ನೋಡಿದ್ಯಾ ಸೂಜಿ, ನಿಮ್ಮಕ್ಕ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಣ್ಣು ಕಾಯ್ತಾ ಇದ್ದಾಳೆ!” ಎಂದು ಭಾವ ನಕ್ಕರು. “ಚಿನ್ನದ ಕೊಪ್ಪರಿಗೆ ಗಿಪ್ಪರಿಗೆ ಸಿಕ್ಕಿರ್ಬೇಕು.” ನಕ್ಕವರೇ ಒಳಗಿಂದ ಛತ್ರಿ ತಂದು ಅವಳ ತಲೆಯ ಮೇಲೆ ಹಿಡಿದು ನಿಂತರು. ಆ ಹೊತ್ತು ನಿಜ ನನ್ನ ನಾಲಗೆ ತುದಿಗೆ ಬಂದಿತ್ತು. ಅಲ್ಲಿಂದ ಎದ್ದು ಅಂಗಡಿಗೆ ಹೋದೆ.

ಒಂದು ದಿನ ಭಾವನಿಗೆ ಮಾತ್ರೆ ಕೊಡಲು ಅಕ್ಕ ಒಳಗೆ ಹೋಗಿ ಬರುವಷ್ಟರಲ್ಲಿ ಮಣ್ಣೆತ್ತುವ ಯಂತ್ರದವನು ಗುಡ್ಡೆಯಿಂದ ಒಂದು ಬಕೆಟ್ಟು ಬಾಚಿ ದಾರಿಯ ಗುಂಡಿಗೆ ಸುರಿದುಬಿಟ್ಟಿದ್ದ. ಎರಡನೆಯದಕ್ಕೆ ಬಂದಾಗ ಅಕ್ಕ ಬಕೆಟ್ಟಿಗೆ ಅಡ್ಡ ನಿಂತಿದ್ದಳು. ಜೋರಾಗಿ ಮಾತಾಡಿದ್ದನ್ನೇ ನಾನು ಕಾಣದ ನನ್ನ ಅಕ್ಕ.

“ಬರೀ ಮಣ್ಣು ಅಜ್ಜಿ!” ಎಂದು ಅವನು ಕೂಗಿದ.

“ಗೊತ್ತು. ಮುಟ್ಟಬೇಡ!”

ನಕ್ಷೆಯಮ್ಮ ಓಡಿ ಬಂದು ಅವನನ್ನು ಕಳಿಸಿದಳು. ಸಂಜೆ ನಾವು ಮೂವರು ಹೆಂಗಸರು ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಟೈರು ಮೆಟ್ಟಿದ ಮಣ್ಣನ್ನು ಕೈಯಿಂದ ಕೆರೆದು ಬುಟ್ಟಿಗೆ ತುಂಬಿ ಗುಡ್ಡೆಗೆ ಹಾಕಿದೆವು. ಅದರಲ್ಲಿ ನಮ್ಮದೆಷ್ಟು, ರಸ್ತೆಯದೆಷ್ಟು ಎಂದು ಹೇಳುವವರು ಯಾರು? ಅಕ್ಕ ಅಳುತ್ತಲೇ ಕೆರೆಯುತ್ತಿದ್ದಳು. ಆವತ್ತು ಭಾವ ನಿದ್ದೆ ಮಾಡುತ್ತಿದ್ದರು, ಅಷ್ಟು ಪುಣ್ಯ.

ಕೊನೆಗೆ ಪೈಪು ಇಳಿಯಿತು. ಕೆಳಗಿನದು ಕೆಳಗೆ, ಮೇಲಿನದು ಮೇಲೆ ಬಿತ್ತು. ಹುಲ್ಲಿನ ಬೀಜ ಚೆಲ್ಲಿದರು. ಪೈಪು ಹೋದ ಗುರುತಿಗೆ ಅಲ್ಲಲ್ಲಿ ಹಳದಿ ಕಂಬ ನೆಡುತ್ತಾರೆ. ನಮ್ಮ ತೋಟದ ಹಿಂದಿನ ಕಂಬ ಎಲ್ಲಿ ಬರಬೇಕೆಂದು ಆರಿಸುವುದಷ್ಟೇ ನಕ್ಷೆಯಮ್ಮನ ಕೈಯಲ್ಲಿತ್ತು. ಅವಳು ಮತ್ತೆ ಆ ಕಲ್ಲನ್ನು ಅದರ ಜಾಗಕ್ಕೆ ಉರುಳಿಸಿ, ಅದರ ಪಕ್ಕದಲ್ಲೇ ನೆಡಿಸಿದಳು. ಸೊಂಟದೆತ್ತರದ ಕಂಬ, ಮೇಲೆ ಕಪ್ಪು ಅಕ್ಷರ: ‘ಇಲ್ಲಿ ಅಗೆಯಬಾರದು.’ ಹೋಗುವಾಗ ಅಕ್ಕನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಭಾವ ಕಂಬವನ್ನು ಸುತ್ತಿ ನೋಡಿ ಜೋರಾಗಿ ಓದಿದರು. “ನಾವು ಸತ್ತು, ಮನೆ ಬಿದ್ದು, ತೋಟ ಯಾರ ಪಾಲಾದ್ರೂ ಈ ಜಾಗಾನ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ ನೋಡೇ! ಎಂಥ ಅದೃಷ್ಟ ಈ ಮುಳ್ಳುಬೇಲೀದು!”

ಅಕ್ಕ ಮುಖ ಆಚೆ ತಿರುಗಿಸಿಕೊಂಡಳು. “ಏನೇ ಅದು?” ಎಂದರೆ, “ಧೂಳು ರೀ,” ಎಂದಳು.

ಈಗ ಬೆಳಗ್ಗೆ ನಡೆದಾಡಲು ಹೊರಟರೆ ಭಾವ ಬೇಲಿಯ ದಾರಿಯಲ್ಲೇ ಹೋಗುತ್ತಾರೆ. ಹುಲ್ಲು ಚೆನ್ನಾಗಿ ಬಂದಿದೆ, ಕಾಲಿಗೆ ಮೆತ್ತಗಂತೆ. ನಿನ್ನೆ ನಾನು ಅಡುಗೆಮನೆಯಲ್ಲಿದ್ದಾಗ ಕಿಟಕಿಯಾಚೆ ಅವರ ದನಿ ಕೇಳಿಸಿತು. ಕಂಬದ ತಲೆ ತಟ್ಟುತ್ತ ನಿಂತಿದ್ದರು.

“ಏನೇ ಮೊಂಡಿ, ಅಲ್ಲೇ ನಿಂತಿದ್ದೀಯಾ? ಚೆನ್ನಾಗಿದ್ದೀಯಾ?”

ಪಾತ್ರೆ ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದಳು.

“ಕೇಳಿಸ್ತೇನೇ?” ಎಂದಳು. “ದಿನಾ ಮಾತಾಡಿಸ್ತಾರೆ.”