ಮೇಷ್ಟ್ರಿಗೆ ಬೇಕಿದ್ದ ಒಂದು ‘ಇಲ್ಲ’

ತತ್ವಶಾಸ್ತ್ರದ ಮೇಷ್ಟ್ರ ತರಗತಿಯ ಕಡೆ ಆ ವರ್ಷ ನೊಣ ಕೂಡ ಸುಳಿಯಲಿಲ್ಲ. ಎದುರಿನ ಹೋಟೆಲ್ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಪ್ರಿನ್ಸಿಪಾಲರು ತಲೆ ಕೆರೆದುಕೊಂಡು ಒಂದು ಉಪಾಯ ಹೂಡಿದರು: ಹೋಟೆಲ್ ವಿಭಾಗದವರೆಲ್ಲ ಒಂದು ವರ್ಷ ಕಡ್ಡಾಯವಾಗಿ ತತ್ವಶಾಸ್ತ್ರ ಓದಬೇಕು. ವರ್ಷದ ಕೊನೆಗೆ ಸಮಿತಿಯೊಂದು ಬಂದು ನೋಡುತ್ತದೆ. ಮಕ್ಕಳು ವಾದ ಮಾಡಲು ಕಲಿತಿದ್ದರೆ ಸರಿ, ಇಲ್ಲವಾದರೆ ವಿಷಯಕ್ಕೆ ಎಳ್ಳುನೀರು, ಮೇಷ್ಟ್ರ ಕೊಠಡಿಗೆ ಕೇಕ್ ಓವನ್. ಓವನ್ ಆಗಲೇ ಬಂದು ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಮೇಷ್ಟ್ರು ದಿನಾ ಅದನ್ನು ದಾಯಾದಿಯನ್ನು ನೋಡುವ ಹಾಗೆ ನೋಡಿ ಒಳಗೆ ಹೋಗುತ್ತಿದ್ದರು.

ಕಷ್ಟ ಏನೆಂದರೆ, ಹೋಟೆಲ್ ವಿಭಾಗದ ಮುಖ್ಯಸ್ಥೆ ಮೇಷ್ಟ್ರ ಹೆಂಡತಿ. ಅವರು ಮಕ್ಕಳಿಗೆ ಮೊದಲ ದಿನ ಹೇಳಿಕೊಡುತ್ತಿದ್ದದ್ದೇ ಅತಿಥಿಯ ಮುಂದೆ ‘ಇಲ್ಲ’ ಎನ್ನಬಾರದು ಎಂದು. ಬಾಯಿತಪ್ಪಿ ಅಂದವರು ಪ್ರಾಕ್ಟಿಕಲ್‌ನಲ್ಲಿ ಫೇಲ್. ಆ ಮಕ್ಕಳಿಗೆ ‘ಇಲ್ಲ’ ಎನ್ನುವುದೇ ಮರೆತುಹೋಗಿತ್ತು. ತರಗತಿಗೆ ಬಂದ ಮೇಷ್ಟ್ರನ್ನೂ ಅವರು ಅತಿಥಿ ಎಂದೇ ಲೆಕ್ಕ ಹಿಡಿದರು.

“ಸುಳ್ಳು ಹೇಳೋದು ತಪ್ಪಾ?” ಎಂದು ಮೇಷ್ಟ್ರು ಕೇಳಿದರೆ, “ನಿಮಗೆ ಹೇಗೆ ಅನುಕೂಲವೋ ಹಾಗೆ ಸಾರ್” ಎಂಬ ಉತ್ತರ. ಮೇಷ್ಟ್ರು ಬೆವರು ಒರೆಸಿಕೊಂಡು ಮೇಜು ಗುದ್ದಿದರು. “ಈ ಮೇಜು ನಿಜವಾಗ್ಲೂ ಇಲ್ಲ, ಬರೀ ನಮ್ಮ ಭ್ರಮೆ ಅಂತೀನಿ. ಏನಂತೀರಿ?”

ಮುಂದಿನ ಬೆಂಚಿನ ಹುಡುಗಿ ತಟ್ಟನೆ ಎದ್ದಳು. ಮಾತಿಗೊಮ್ಮೆ ‘ಖಂಡಿತ’ ಎನ್ನುವ ಅವಳಿಗೆ ಗೆಳತಿಯರು ಖಂಡಿತಮ್ಮ ಎಂದೇ ಹೆಸರಿಟ್ಟಿದ್ದರು. “ಖಂಡಿತ ಸಾರ್. ಬೇರೆ ಮೇಜು ಹಾಕಿಸ್ತೀವಿ.”

ಮೇಷ್ಟ್ರು ವರ್ಷವಿಡೀ ಗೋಗರೆದರು. “ದಮ್ಮಯ್ಯ, ನನ್ನ ಜೊತೆ ಜಗಳ ಆಡ್ರಪ್ಪಾ. ಒಬ್ಬರಾದ್ರೂ ‘ಇಲ್ಲ ಸಾರ್, ನೀವು ಹೇಳೋದು ತಪ್ಪು’ ಅನ್ನಿ.” ಮಕ್ಕಳು ಒಕ್ಕೊರಲಿನಿಂದ “ಖಂಡಿತ ಸಾರ್” ಎಂದರು.

ಇನ್ನು ಮೇಷ್ಟ್ರ ಸ್ವಂತ ವಾದಪಾಂಡಿತ್ಯವೋ, ಅದು ಮನೆಯ ಹೊಸ್ತಿಲ ಹೊರಗೆ ಚಪ್ಪಲಿಯ ಜೊತೆ ಉಳಿಯುತ್ತಿತ್ತು. ಒಳಗೆ ಹೆಂಡತಿ ಏನು ಕೇಳಿದರೂ “ಚೆನ್ನಾಗಿದೆ ಕಣೇ” ಎಂಬ ಒಂದೇ ಸಿದ್ಧಾಂತ. ಊಟದ ಕೋಣೆಯ ಕಿಟಕಿಗೆ ಬದನೆಕಾಯಿ ಬಣ್ಣದ ಪರದೆಯೊಂದು ಮದುವೆಯಾದ ಹೊಸತರಿಂದ ನೇತಾಡುತ್ತಿತ್ತು. ಅದನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಅದೂ ಚೆನ್ನಾಗಿತ್ತು.

ಸಮಿತಿ ಬಂತು. ಮಧ್ಯಾಹ್ನದ ಊಟ ಕಾಲೇಜಿನ ತರಬೇತಿ ರೆಸ್ಟೋರೆಂಟಿನಲ್ಲಿ. ಹೋಟೆಲ್ ಮಕ್ಕಳಿಗೆ ಅದೇ ಪ್ರಾಕ್ಟಿಕಲ್ ಪರೀಕ್ಷೆ. ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿ ಹದ್ದಿನ ಕಣ್ಣಿಟ್ಟು ನಿಂತಿದ್ದರು. ಅಧ್ಯಕ್ಷರ ಮೇಜು ಖಂಡಿತಮ್ಮನ ಪಾಲಿಗೆ ಬಂದಿತ್ತು. ಅಧ್ಯಕ್ಷರು ಸೂಪು ಚಪ್ಪರಿಸಿ “ಬೊಂಬಾಟ್!” ಎಂದರು. ಉಳಿದ ಸದಸ್ಯರೂ ಬೊಂಬಾಟ್ ಎಂದರು. ಅಷ್ಟರಲ್ಲಿ ಅಡುಗೆಮನೆಯಿಂದ ಗೆಳತಿ ಓಡಿಬಂದು ಖಂಡಿತಮ್ಮನ ಕಿವಿಯಲ್ಲಿ ಉಸುರಿದಳು: ಸೂಪಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು.

ಅಧ್ಯಕ್ಷರು ಪಕ್ಕದಲ್ಲಿ ಮುದುಡಿ ಕೂತಿದ್ದ ಮೇಷ್ಟ್ರ ಕಡೆ ತಿರುಗಿದರು. “ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ಊಟ ಬಡಿಸೋ ಮಕ್ಕಳಿಗೆ ಈ ಪ್ರಶ್ನೆ, ವಾದ, ತತ್ವ ಎಲ್ಲ ಯಾಕೆ? ಏನಮ್ಮಾ, ನಾನು ಹೇಳೋದು ಸರಿ ತಾನೆ?”

ಖಂಡಿತಮ್ಮನ ಬಾಯಿ ‘ಖ’ ಎನ್ನಲು ತೆರೆಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅವರಿಗೆ ಓವನ್ ಕಂಡಿತು.

“ಇಲ್ಲ ಸಾರ್” ಎಂದಳು ಹುಡುಗಿ.

ಚಮಚಗಳು ನಿಂತವು. “ಸೂಪಿಗೆ ಉಪ್ಪೇ ಹಾಕಿಲ್ಲ ಸಾರ್. ನೀವು ಬೊಂಬಾಟ್ ಅಂದ್ರಿ. ಇವರೆಲ್ಲ ಹೂಂ ಅಂದ್ರು. ನಾನು ಥ್ಯಾಂಕ್ಯೂ ಅಂದೆ. ಯಾರೂ ಪ್ರಶ್ನೆ ಕೇಳ್ದಿದ್ರೆ ಹೀಗೇ ಸಪ್ಪೆ ತಿನ್ಕೊಂಡು ಹೋಗ್ತಾ ಇರ್ತೀವಿ.” ಅವಳು ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಅವಚಿಕೊಂಡಳು.

ಅಧ್ಯಕ್ಷರು ಇನ್ನೊಂದು ಚಮಚ ಬಾಯಿಗಿಟ್ಟರು. “ಹೌದಲ್ರೀ, ಉಪ್ಪೇ ಇಲ್ಲ!” ಸದಸ್ಯರೂ ಉಪ್ಪೇ ಇಲ್ಲ ಎಂದರು. ಸಿಟ್ಟಾದರೆ ಮರ್ಯಾದೆ ಇನ್ನಷ್ಟು ಹೋಗುತ್ತದೆ ಎಂದು ಗೊತ್ತಿದ್ದ ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕು, ತತ್ವಶಾಸ್ತ್ರ ಇರಲಿ ಎಂದುಬಿಟ್ಟರು.

ಮೇಷ್ಟ್ರು ಮನೆಗೆ ಬಂದದ್ದು ತೇಲಿಕೊಂಡೇ. ಊಟಕ್ಕೆ ಕೂತಾಗ ಹೆಂಡತಿ ಅನ್ನ ಬಡಿಸುತ್ತಾ, “ಆ ಹುಡುಗೀನ ಫೇಲ್ ಮಾಡ್ದೆ ರೀ” ಎಂದರು. “ಅತಿಥಿ ಮುಂದೆ ಇಲ್ಲ ಅಂದ್ಳು. ನಿಯಮ ಅಂದ್ರೆ ನಿಯಮ. ಇನ್ನೊಂದು ವರ್ಷ ಕಲೀಲಿ. ಸರಿ ತಾನೆ?”

‘ಸರಿ ಕಣೇ’ ಎಂಬುದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ನಿಂತಿತು. ಮೇಷ್ಟ್ರಿಗೆ ತಟ್ಟೆ ಅವಚಿಕೊಂಡು ನಿಂತಿದ್ದ ಆ ಹುಡುಗಿ ನೆನಪಾದಳು. ತಮ್ಮ ಮಾತು ನಂಬಿದ ಒಂದೇ ಒಂದು ಜೀವ ಅದು. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

“ಇಲ್ಲ” ಎಂದರು.

ಹೆಂಡತಿಯ ಸೌಟು ಗಾಳಿಯಲ್ಲೇ ನಿಂತಿತು. “ಏನಂದ್ರಿ?”

“ಇಲ್ಲ ಅಂದೆ. ಹಾಗೆ ಅನ್ನೋಕೆ ಅವಳಿಗೆ ಹೇಳ್ಕೊಟ್ಟೋನು ನಾನು. ಫೇಲ್ ಮಾಡೋದಾದ್ರೆ ನನ್ನನ್ನ ಮಾಡು. ಬಂದೋರು ಸಪ್ಪೆ ತಿಂತಿದ್ರೆ ಹಲ್ಲು ಕಿರ್ಕೊಂಡು ನಿಲ್ಲೋದು ಉಪಚಾರಾನಾ? ನೀನು ಮಾಡಿದ್ದು ತಪ್ಪು ಕಣೇ.” ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರಿಗೆ ಏದುಸಿರು ಬಂದಿತ್ತು.

ಹೆಂಡತಿ ಸೌಟು ಕೆಳಗಿಟ್ಟರು. “ಆಯ್ತು, ಪಾಸ್ ಮಾಡ್ತೀನಿ” ಎಂದರು. ಮೇಷ್ಟ್ರು ಉಸಿರು ಬಿಡುವ ಮೊದಲೇ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ಈಗ ಹೇಳಿ. ಮದುವೆ ಆದಾಗಿಂದ ಎಲ್ಲಾದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಅಂತ ಬಂದ್ರಲ್ಲ. ಅದೆಲ್ಲ ನಿಜಾನಾ?”

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಇನ್ನು ಓಡಿಹೋಗುವಂತಿರಲಿಲ್ಲ.

“ಆ ಪರದೆ ನನಗೆ ಯಾವತ್ತೂ ಇಷ್ಟ ಇರ್ಲಿಲ್ಲ ಕಣೇ.”

ಹೆಂಡತಿ ಪರದೆಯ ಕಡೆ ತಿರುಗಿ ನೋಡಿದರು.

“ನನಗೂ ಇರ್ಲಿಲ್ಲ ರೀ” ಎಂದರು ಮೆಲ್ಲಗೆ. “ನಿಮಗಿಷ್ಟ ಅಂತ ಒಗೆದು ಒಗೆದು ಮತ್ತೆ ಅದನ್ನೇ ಹಾಕ್ತಿದ್ದೆ.”