ಇಳಿಸಬಾರದ ಸೀಟು

ಅಟ್ಟೆಯಣ್ಣನಿಗೆ ಆ ಹೆಸರು ಅಂಟಿಕೊಂಡದ್ದು ಶೂ ರಿಪೇರಿ ಕಸುಬಿನಿಂದ. ಯಾರ ಚಪ್ಪಲಿಯನ್ನಾದರೂ ಮಗುಚಿ ಅಟ್ಟೆ ನೋಡಿದರೆ ಸಾಕು, ಹಾಕಿಕೊಂಡವರಿಗೆ ಮಂಡಿನೋವಿದೆಯೇ, ಅವಸರದ ಸ್ವಭಾವವೇ, ಗಂಡನ ಜೊತೆ ಜಗಳವೇ ಎಂದು ಹೇಳಿಬಿಡುತ್ತಿದ್ದ. ಮುಖ ನೋಡಿ ಮಾತಾಡುವ ಅಭ್ಯಾಸ ಕಡಿಮೆ. ಹೆಂಡತಿಯ ಮುಖ ನೋಡಬೇಕಾದರಂತೂ ಕತ್ತೆತ್ತಬೇಕಿತ್ತು. ಅವಳು ಅವನಿಗಿಂತ ಅರ್ಧ ಗೇಣು ಎತ್ತರ.

ಆ ಹೆಂಡತಿ ಬೇಸಿಗೆಯ ಕೊನೆಗೆ ಹೋಗಿಬಿಟ್ಟಳು. ಎರಡೇ ತಿಂಗಳ ಕಾಯಿಲೆ. ಎಲ್ಲ ಮುಗಿದ ವಾರಕ್ಕೆ ನಾದಿನಿ ಬಂದು, ಭಾವನಿಗೆ ಕಣ್ಣೆದುರು ನೋವಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ, ಅಕ್ಕನ ಬಟ್ಟೆಗಳನ್ನು ಗಂಟು ಕಟ್ಟಿದಳು, ಮಂಚವನ್ನು ಇನ್ನೊಂದು ಗೋಡೆಗೆ ಸರಿಸಿದಳು, ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದಳು. ಸಕ್ಕರೆ ಎಲ್ಲಿದೆಯೆಂದು ತಿಳಿಯದೆ ಅವನು ಮೂರು ದಿನ ಸಪ್ಪೆ ಟೀ ಕುಡಿದ. ಹೆಂಡತಿ ಬಿಟ್ಟಂತೆಯೇ ಮನೆಯಲ್ಲಿ ಉಳಿದದ್ದು ಒಂದೇ ವಸ್ತು, ಅವಳ ದಪ್ಪ ಟೈರಿನ ಸೈಕಲ್. ಕಾಯಿಲೆ ಶುರುವಾದಾಗ ಅದು ನಾದಿನಿಯ ಮನೆಯಲ್ಲಿತ್ತು. ಆಮೇಲೆ ಷಡ್ಡಕ ತಂದು ಅಂಗಡಿಯ ಪಕ್ಕ ನಿಲ್ಲಿಸಿ ಹೋಗಿದ್ದ.

ಎಲೆ ಉದುರುವ ಕಾಲ ಬಂತೆಂದರೆ ಅವಳು ಪ್ರತಿ ಭಾನುವಾರ ಕಾಲುವೆ ಪಕ್ಕದ ಜಲ್ಲಿ ದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದಳು. ಒಂದೂವರೆ ಗಂಟೆಯ ದಾರಿ. ಅವಳಿಗೆ ನಾಲ್ಕು ಗಂಟೆ ಬೇಕು. "ದಾರೀಲಿ ಮಲಗಿದ್ದೆಯೇನೆ?" ಎಂದು ಇವನು ರೇಗಿಸುತ್ತಿದ್ದ. ನೀವೂ ಬನ್ನಿ ಎಂದು ಎಂಟು ವರ್ಷ ಕರೆದಳು. ಎಂಟು ವರ್ಷವೂ ಒಂದೇ ಉತ್ತರ: "ಅಂಟು ಒಣಗ್ತಾ ಇದೆ. ಯಾರಾದ್ರೂ ನೋಡ್ಕೋಬೇಕಲ್ಲ."

ಈ ವರ್ಷ ಮೊದಲ ಎಲೆ ಅಂಗಡಿಯ ಮೆಟ್ಟಿಲಿಗೆ ಬಿದ್ದ ದಿನ ಅವನು ಸೈಕಲ್ ಹತ್ತಿದ. ಕಾಲುಗಳು ಗಾಳಿಯಲ್ಲಿ ಜೋತಾಡಿದವು. ಎದುರು ಅಂಗಡಿಯ ಕ್ಷೌರಿಕ ಕೂಗಿ ಹೇಳಿದ, "ಸೀಟು ಇಳಿಸಪ್ಪಾ, ಅರ್ಧ ನಿಮಿಷದ ಕೆಲಸ."

"ಇಳಿಸಲ್ಲ. ಅದು ಅವಳ ಎತ್ತರ."

ಸೀಟು ಇಳಿಸಿದರೆ ಅವಳು ಪೂರ್ತಿಯಾಗಿ ಹೋದಂತೆ ಎಂದು ಅವನಿಗೆ ಅನ್ನಿಸಿತ್ತು. ಬುದ್ಧಿ ಇದ್ದವರು ಹಾಗೆ ಯೋಚಿಸುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ಬುದ್ಧಿ ಇಟ್ಟುಕೊಂಡು ಮಾಡುವುದೇನು, ರಾತ್ರಿ ಪಕ್ಕದ ದಿಂಬು ಖಾಲಿಯೇ.

ಸೀಟು ಇಳಿಯದಿದ್ದರೆ ಕಾಲು ಉದ್ದವಾಗಬೇಕು. ಕಸುಬು ಕೈಯಲ್ಲಿತ್ತು. ಹಳೆಯ ಬೂಟುಗಳಿಗೆ ರಬ್ಬರು, ಅದರ ಮೇಲೆ ರಬ್ಬರು, ಮತ್ತೆ ರಬ್ಬರು ಅಂಟಿಸಿ, ಸುತ್ತ ಹೊಲಿದು, ನಾಲ್ಕು ಬೆರಳು ದಪ್ಪದ ಅಟ್ಟೆ ಮಾಡಿದ. ಹಾಕಿಕೊಂಡು ಮನೆಯಲ್ಲಿ ನಿಂತಾಗ ಜನ್ಮದಲ್ಲಿ ಮೊದಲ ಸಲ ಹೆಂಡತಿಯ ಎತ್ತರದಿಂದ ಕೋಣೆ ಕಂಡಿತು. ಬೀರುವಿನ ಮೇಲೆ ಒಂದಂಗುಲ ಧೂಳು. ನಾದಿನಿಯ ಕೈಗೂ ಎಟುಕದ ಜಾಗ. ಆ ಧೂಳಿನ ಬಗ್ಗೆ ಹೆಂಡತಿ ವರ್ಷಗಟ್ಟಲೆ ಗೊಣಗುತ್ತಿದ್ದದ್ದು ಸುಳ್ಳಲ್ಲ ಎಂದು ಆಗ ಒಪ್ಪಿಕೊಂಡ.

ಪೆಡಲು ಎಟುಕಿತು. ನೆಲ ಎಟುಕಲಿಲ್ಲ. ಹಾಗಾಗಿ ಅಂಗಡಿಯ ಮೂರನೇ ಮೆಟ್ಟಿಲಿನಿಂದ ಹತ್ತಿ ಹೊರಡಬೇಕು, ವಾಪಸ್ ಬಂದು ಬೀದಿದೀಪದ ಕಂಬವನ್ನು ತಬ್ಬಿ ನಿಲ್ಲಬೇಕು. ನಡುವೆ ಏನೇ ಬರಲಿ, ನಿಲ್ಲುವಂತಿಲ್ಲ. "ದಾರಿ, ದಾರಿ, ನಂಗೆ ನಿಲ್ಲಕ್ಕಾಗಲ್ಲ" ಎಂದು ಕೂಗುತ್ತ ಅವನು ಬಾತುಕೋಳಿಗಳನ್ನೂ ಕೂಸು ಕೂರಿಸಿದ ತಳ್ಳುಗಾಡಿಗಳನ್ನೂ ಚದುರಿಸಿಕೊಂಡು ಹೋದ. ಆದರೂ ಹಿತವಾಗಿತ್ತು. ಚಕ್ರದಡಿ ಜಲ್ಲಿ ಚರಚರ ಎನ್ನುವಾಗ ತಲೆಯೊಳಗಿನ ಆಸ್ಪತ್ರೆಯ ಸದ್ದುಗಳು ಕೇಳಿಸುತ್ತಿರಲಿಲ್ಲ. ಹಳದಿ ಎಲೆಗಳು ಮುಖಕ್ಕೆ ಬಡಿದಾಗ ಕಣ್ಣೀರು ಬಂದದ್ದೂ ಗಾಳಿಯಿಂದ ಎನ್ನಬಹುದಿತ್ತು. ಒಂದೂವರೆ ಗಂಟೆಯಲ್ಲಿ ವಾಪಸ್ ಬಂದು ಕಂಬ ತಬ್ಬಿಕೊಂಡು, ನೋಡು, ನಿನ್ನ ಅರ್ಧಕ್ಕಿಂತ ಕಡಿಮೆ ಹೊತ್ತಲ್ಲಿ ಬಂದೆ ಎಂದು ಅವಳಿಗೆ ಮನಸ್ಸಿನಲ್ಲೇ ಜಂಬ ಕೊಚ್ಚಿದ.

ಕಾಲುವೆಯ ತೂಬಿನ ಬಳಿ ಬೆಂಚಿನ ಮೇಲೆ ಒಬ್ಬ ವಯಸ್ಸಾದ ಕಾವಲುಗಾರ ಕೂತಿರುತ್ತಿದ್ದ. ಮೊದಲ ಭಾನುವಾರ ಸೈಕಲನ್ನು ಗುರುತು ಹಿಡಿದು ಎದ್ದು ನಿಂತ. "ನಿಮ್ಮ ಮನೆಯವರು ಪ್ರತಿ ವಾರ ಇಲ್ಲಿ..." ಅಷ್ಟರಲ್ಲಿ ಅಟ್ಟೆಯಣ್ಣ ತಿರುವು ದಾಟಿದ್ದ. ಎರಡನೇ ವಾರ ಕಾವಲುಗಾರ, ಅಚ್ಚುಕಟ್ಟಿನ ಮನುಷ್ಯ, ಮತ್ತೆ ಮೊದಲಿನಿಂದ ಶುರುಮಾಡಿದ. "ನಿಮ್ಮ ಮನೆಯವರು ಪ್ರತಿ ವಾರ ಇಲ್ಲಿ ಕೂತು..." ಮೂರನೇ ವಾರ ಜೊತೆಗೆ ನಾಲ್ಕು ಹೆಜ್ಜೆ ಓಡಿ, "ಕೂತು ನಿಮ್ಮನ್ನ..." ಎನ್ನುವಷ್ಟರಲ್ಲಿ ಉಸಿರು ಕಟ್ಟಿ ನಿಂತುಬಿಟ್ಟ.

"ಮುಂದಿನ ವಾರ ಹೇಳಿ" ಎಂದು ಅಟ್ಟೆಯಣ್ಣ ತಿರುಗಿ ನೋಡದೆ ಕೂಗಿದ. ಆ ವಾರವಿಡೀ ಆ ಅರ್ಧ ಮಾತು ಅವನನ್ನು ತಿಂದುಹಾಕಿತು.

ನಾಲ್ಕನೇ ಭಾನುವಾರ ಬೆಂಚು ಖಾಲಿಯಿತ್ತು. ಮುಖ ಸಪ್ಪಗೆ ಮಾಡಿಕೊಂಡು ಬಂದು ಕಂಬ ತಬ್ಬಿದರೆ, ಅಂಗಡಿಯ ಮುಂದೆ ನಾದಿನಿ, ಷಡ್ಡಕ. ಷಡ್ಡಕ ಆರಡಿ ಮೀರಿದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬಗ್ಗಿಸಿಯೇ ಸಾಧುವಾದವನು.

"ಇದೇನಣ್ಣ" ಎಂದ ಅವನು. "ನಾನು ಏರಿಸಿದ ಸೀಟು ಇನ್ನೂ ಹಾಗೇ ಇದೆ?"

"ನೀನು ಏರಿಸಿದ್ದಾ?"

"ನಮ್ಮನೆಯಿಂದ ಇಲ್ಲಿಗೆ ಹೊಡ್ಕೊಂಡು ಬಂದೆನಲ್ಲ. ಅತ್ತಿಗೆ ಇಟ್ಕೊಂಡಿದ್ದ ಎತ್ತರಕ್ಕೆ ನನ್ನ ಮಂಡಿ ಗಲ್ಲಕ್ಕೆ ತಾಗ್ತಿತ್ತು."

"ಅಕ್ಕ ಯಾವಾಗ್ಲೂ ತಗ್ಗಿಸೇ ಇಟ್ಕೋತಿದ್ಲು ಭಾವ" ಎಂದಳು ನಾದಿನಿ. "ಎರಡೂ ಕಾಲು ನೆಲಕ್ಕೂರಬೇಕು ಅವಳಿಗೆ. ಹತ್ತು ಹೆಜ್ಜೆಗೊಂದ್ಸಲ ನಿಲ್ತಿದ್ಲು."

ಅಟ್ಟೆಯಣ್ಣ ಕಂಬ ಬಿಡಲಿಲ್ಲ. ನಾಲ್ಕು ವಾರ ಅವನು ಜೋಪಾನ ಮಾಡಿದ್ದು ಷಡ್ಡಕನ ಕಾಲಿನ ಅಳತೆಯನ್ನು.

ಅವರಿಬ್ಬರೂ ಹೋದ ಮೇಲೆ ಅಂಗಡಿಯ ಮೇಲಿನ ಹಲಗೆಯಿಂದ ಒಂದು ಜೊತೆ ಶೂ ಇಳಿಸಿದ. ಹೆಂಡತಿ ಚಳಿಗಾಲದಲ್ಲಿ ರಿಪೇರಿಗೆಂದು ಕೊಟ್ಟಿದ್ದು. ಊರವರದೆಲ್ಲ ಮುಗಿಯಲಿ, ಮನೆಯವಳದಲ್ಲವೇ ಎಂದು ಮುಂದೂಡುತ್ತಲೇ ಬಂದಿದ್ದ. ಅವಳು ಹೋದ ಮೇಲೆ ಮಗುಚಿ ನೋಡುವ ಧೈರ್ಯವಾಗಿರಲಿಲ್ಲ. ಈಗ ಮಗುಚಿದ. ಪೆಡಲ್ ತುಳಿದ ಸವೆತ ನಡುವೆ ಒಂದಿಷ್ಟು. ಉಳಿದದ್ದೆಲ್ಲ, ಹಿಮ್ಮಡಿಯಿಂದ ತುದಿಯವರೆಗೆ, ಜಲ್ಲಿಯಲ್ಲಿ ನಿಂತು ನಿಂತು ಆದ ಗೀರು. ಸಣ್ಣದೊಂದು ಕಲ್ಲು ಸಂದಿಯಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಊರಿನವರ ಅಟ್ಟೆಗಳನ್ನೆಲ್ಲ ಓದಿದವನು ಇದೊಂದನ್ನು ಓದಿರಲಿಲ್ಲ. ಮೊದಲು ನಗು ಬಂತು. ಆಮೇಲೆ ಬಂದದ್ದಕ್ಕೆ ಗಾಳಿಯ ನೆಪ ಇರಲಿಲ್ಲ. ಚೆನ್ನಾಗಿ ಅತ್ತ.

ಸ್ಪ್ಯಾನರ್ ಹಿಡಿದು ಸೈಕಲ್ ಬಳಿ ಹೋದಾಗ ಕಂಡಿತು. ಸೀಟಿನ ಕಂಬಿಯ ಮೇಲೆ, ಎಂಟು ವರ್ಷ ಬಿಗಿದಿದ್ದ ಕಡೆ, ಉಂಗುರದಂಥ ಗೀರು. ಇಷ್ಟು ದಿನ ಅದರ ಮೇಲೆಯೇ ಕೂತು ಮೆರೆದಿದ್ದ. ಸೀಟನ್ನು ಆ ಗೀರಿಗೆ ಇಳಿಸಿ ಬಿಗಿದ. ಮಾಮೂಲಿ ಶೂ ಹಾಕಿಕೊಂಡು ಹತ್ತಿದ. ಎರಡೂ ತುದಿಗಾಲು ನೆಲಕ್ಕೆ ತಾಗಿದವು.

ಐದನೇ ಭಾನುವಾರ ಅವನು ಸಿಕ್ಕಸಿಕ್ಕಲ್ಲಿ ನಿಂತ. ಬಾತುಕೋಳಿಗಳು ಅವನನ್ನು ಕಂಡ ಕೂಡಲೇ ನೀರಿಗೆ ಹಾರಿದವು. ನಿಂತು ಕ್ಷಮೆ ಕೇಳಿದ. ತೂಬಿನ ಬಳಿ ಕಾವಲುಗಾರ ಓಡಲು ತಯಾರಾಗಿ, ಒಂದು ಕಾಲು ಮುಂದಿಟ್ಟು ನಿಂತಿದ್ದ. ಅಟ್ಟೆಯಣ್ಣ ಬ್ರೇಕ್ ಹಿಡಿದು ಕಾಲೂರಿದ.

"ನಿಂತ್ರಾ?" ಕಾವಲುಗಾರನಿಗೆ ನಂಬಿಕೆಯಾಗಲಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದ. "ನಿಮ್ಮ ಮನೆಯವರು ಪ್ರತಿ ವಾರ ಇಲ್ಲಿ ಕೂತು ನಿಮ್ಮನ್ನ ಬೈತಿದ್ರು."

"ಏನಂತ?"

"ಎಂಟು ವರ್ಷದ್ದಿದೆ. ಇವತ್ತೊಂದೇ ದಿನಕ್ಕೆ ಮುಗಿಯಲ್ಲ." ಅವನು ಬೆಂಚಿನ ಮೇಲಿನ ಎಲೆಗಳನ್ನು ಕೈಯಿಂದ ಸರಿಸಿ ಜಾಗ ಮಾಡಿದ. "ಅಂಟು ಒಣಗೋದರಿಂದ ಶುರುಮಾಡ್ಲಾ?"

ಅಟ್ಟೆಯಣ್ಣ ಸೈಕಲನ್ನು ಮರಕ್ಕೆ ಒರಗಿಸಿ ಕೂತ.